ಮೈಕು ಹೋದ ಮೇಲೆ ಬರುವ ಮಾತು

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಮುಖ್ಯ ಶಿಕ್ಷಕರು ಫೋನು ಮಾಡಿ, "ಮೂವತ್ತು ವರ್ಷ ಪತ್ರಿಕೆಗೆ ಸುದ್ದಿ ಬರೆದಿದ್ದೀರಿ, ಪತ್ರಿಕೋದ್ಯಮದ ಬಗ್ಗೆ ನಾಲ್ಕು ಮಾತಾಡಿ" ಎಂದರು. ಪತ್ರಿಕೋದ್ಯಮದ ಬಗ್ಗೆ ಮಾತಾಡುವುದಕ್ಕೆ ದೊಡ್ಡವರಿದ್ದಾರೆ. ನಾನು ಅರಸೀಕೆರೆ, ಬಾಣಾವರ, ಜಾವಗಲ್, ಹಳೇಬೀಡು, ಬೇಲೂರು ಎಂಬ ಈ ಒಂದು ರಸ್ತೆಯ ಮೇಲೆ ಮೊದಲು ಬಸ್ಸಿನಲ್ಲಿ, ಆಮೇಲೆ ಬೈಕಿನಲ್ಲಿ ಓಡಾಡಿ ಸುದ್ದಿ ಕಳಿಸಿದವನು. ಈ ರಸ್ತೆಯ ಆ ತುದಿಯಲ್ಲಿ ತೆಂಗು, ರಾಗಿ. ಈ ತುದಿ ದಾಟಿದರೆ ಕಾಫಿ, ಆನೆ. ನಡುವೆ ಹೊಯ್ಸಳರ ಗುಡಿಗಳು. ಕೆಲಸದಲ್ಲಿ ಇದ್ದಷ್ಟು ದಿನ ನಾನು ಪ್ರಶ್ನೆ ಕೇಳುವ ಕಡೆ ನಿಂತಿದ್ದೆ. ಇವತ್ತು ಉತ್ತರ ಹೇಳುವವರ ಕಡೆಯಿಂದ ಮಾತಾಡಬೇಕು ಅನ್ನಿಸಿತು. ಯಾಕೆಂದರೆ ನಮ್ಮ ಊರುಗಳಲ್ಲಿ ಈಗ ಯಾರ ಮುಂದೆ, ಯಾವಾಗ ಮೈಕು ಬಂದು ನಿಲ್ಲುತ್ತದೆ ಎಂದು ಹೇಳುವಂತಿಲ್ಲ. ಆಗ ಏನು ಹೇಳಬೇಕು, ಹೇಗೆ ಹೇಳಬೇಕು ಎಂದು ನಮಗೆ ಯಾರೂ ಕಲಿಸಲಿಲ್ಲ. ಪ್ರಶ್ನೆ ಕೇಳುವುದನ್ನು ನನಗೂ ಯಾರೂ ಕಲಿಸಲಿಲ್ಲ. ಅದರಿಂದ ಆದ ಒಂದು ಅನಾಹುತವನ್ನು ಆಮೇಲೆ ಹೇಳುತ್ತೇನೆ.

2023ರ ಸೆಪ್ಟೆಂಬರ್ 18ರ ದಿನ ನಿಮಗೆಲ್ಲ ನೆನಪಿರಬೇಕು. ಗಣೇಶನ ಹಬ್ಬ. ಅವತ್ತು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಸೇರಿದ್ದ ಯುನೆಸ್ಕೋ ಸಮಿತಿ ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ, ಸೋಮನಾಥಪುರದ ಕೇಶವ, ಈ ಮೂರು ದೇವಾಲಯಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2014ರಿಂದ ತಾತ್ಕಾಲಿಕ ಪಟ್ಟಿಯಲ್ಲಿ ಕಾದಿದ್ದ ಗುಡಿಗಳು ಅವು. ನಮ್ಮ ದೇಶದ 42ನೆಯ ತಾಣ. ಸುದ್ದಿ ಬಂದದ್ದೇ ತಡ, ಟಿವಿ ವಾಹನಗಳು ಬಂದವು. ಮಾರನೆಯ ದಿನ ನಾನೂ ಹಳೇಬೀಡಿನ ಗುಡಿಯ ಮುಂದೆ ಇದ್ದೆ.

ಅಲ್ಲಿ ಎಳನೀರು ಮಾರುವ ಒಬ್ಬ ಹೆಣ್ಣುಮಗಳ ಮುಂದೆ ಒಬ್ಬ ಹುಡುಗ ಮೈಕು ಹಿಡಿದ. "ಅಮ್ಮಾ, ನಿಮ್ಮೂರಿನ ದೇವಸ್ಥಾನ ಯುನೆಸ್ಕೋ ಪಟ್ಟಿಗೆ ಸೇರಿದೆ, ಹೇಗನ್ನಿಸ್ತಿದೆ?" ಆಕೆ ಸೆರಗು ಸರಿ ಮಾಡಿಕೊಂಡು, "ಬಾಳ ಸಂತೋಷ ಆಯ್ತು ಸಾ" ಎಂದಳು. ಮುಗಿಯಿತು. ಹುಡುಗ ಮುಂದಕ್ಕೆ ಹೋದ. ನಾನು ಎಳನೀರು ಕುಡಿಯುತ್ತಾ ನಿಂತಿದ್ದೆ. ಆಗ ಆಕೆ ಕಾಯಿ ಕೆತ್ತುತ್ತಾ ತನ್ನ ಪಾಡಿಗೆ ತಾನು ಹೇಳಿದಳು: "ಬಸ್ಸಲ್ಲಿ ಬರೋರು ಒಂದು ಗಂಟೆಲಿ ನೋಡ್ಕಂಡು ಬೇಲೂರಿಗೆ ಹೊಂಟೋಯ್ತಾರೆ ಕಣಣ್ಣ. ಇಲ್ಲಿ ಒಂದು ರಾತ್ರಿ ಉಳಕಂಡ್ರೆ ತಾನೇ ಊರಿಗೆ ನಾಕು ಕಾಸು? ಈಗ ದೊಡ್ಡ ಪಟ್ಟಿಗೆ ಸೇರ್ಸವ್ರೆ ಅಂತೀರಲ್ಲ, ನಮ್ಮ ಗಾಡಿ ಇಲ್ಲೇ ಇರಕ್ಕೆ ಬುಡ್ತಾರೋ, ಎತ್ತುಸ್ತಾರೋ?"

ಅವತ್ತು ಅಲ್ಲಿ ಎಷ್ಟೋ ಜನ ಮೈಕಿನ ಮುಂದೆ ಮಾತಾಡಿದರು. ಊರಿನ ಬದುಕಿಗೆ ಅಷ್ಟು ಹತ್ತಿರದ ಎರಡು ಪ್ರಶ್ನೆಗಳನ್ನು ನಾನು ಬೇರೆ ಯಾರ ಬಾಯಲ್ಲೂ ಕೇಳಲಿಲ್ಲ. "ಇದನ್ನ ಆ ಹುಡುಗನಿಗೆ ಯಾಕೆ ಹೇಳ್ಲಿಲ್ಲವ್ವಾ?" ಎಂದು ಕೇಳಿದೆ. ಆಕೆ ನನ್ನನ್ನೇ ಪೆದ್ದನ ಹಾಗೆ ನೋಡಿ, "ಅವನು ಅದನ್ನ ಕೇಳ್ಲಿಲ್ವಲ್ಲ" ಎಂದಳು.

ನನ್ನ ಮೂವತ್ತು ವರ್ಷದ ಕೆಲಸದಲ್ಲಿ ಇದನ್ನು ನೂರಾರು ಸಲ ಕಂಡಿದ್ದೇನೆ. ಪುಸ್ತಕ ಮುಚ್ಚಿ, ಪೆನ್ನು ಜೇಬಿಗೆ ಸಿಕ್ಕಿಸಿ, ಚಪ್ಪಲಿ ಹಾಕಿಕೊಳ್ಳುವಾಗ ಜನ ಮುಖ್ಯವಾದದ್ದನ್ನು ಹೇಳುತ್ತಾರೆ. ಮೈಕು ಇದ್ದಾಗ ಬರುವ ಮಾತು ಬೇರೆ, ಮೈಕು ಹೋದ ಮೇಲೆ ಬರುವ ಮಾತು ಬೇರೆ. ಸಂದರ್ಶನದಲ್ಲಿ ಚೆನ್ನಾಗಿ ಮಾತಾಡುವುದು ಎಂದರೆ, ನಾನು ಕಂಡುಕೊಂಡ ಮಟ್ಟಿಗೆ, ಆ ಎರಡನೆಯ ಮಾತನ್ನು ಮೊದಲು ಆಡುವುದು. ಕೇಳಿದ ಪ್ರಶ್ನೆಗೆ ಒಂದು ಸಾಲಿನ ಉತ್ತರ ಕೊಟ್ಟು, "ಇನ್ನೊಂದು ವಿಷಯ ಇದೆ, ಅದನ್ನೂ ಕೇಳಿಸ್ಕೊಳ್ಳಿ" ಎಂದರೆ ಯಾವ ವರದಿಗಾರನೂ ಬೇಡ ಅನ್ನುವುದಿಲ್ಲ. ಪರೀಕ್ಷೆಯಲ್ಲಿ ಪ್ರಶ್ನೆಗೆ ಮಾತ್ರ ಉತ್ತರ ಬರೆಯಿರಿ ಎಂದು ನಮ್ಮ ಮೇಷ್ಟ್ರುಗಳು ಹೇಳಿಕೊಟ್ಟರು. ಪರೀಕ್ಷೆಗೆ ಅದು ಸರಿ. ಟಿವಿಯವನಿಗೆ ನಮ್ಮ ಊರಿನ ಪಠ್ಯಪುಸ್ತಕ ಗೊತ್ತಿರುವುದಿಲ್ಲ. ಏನು ಕೇಳಬೇಕು ಎಂಬುದನ್ನೂ ನಾವೇ ಹೇಳಬೇಕಾಗುತ್ತದೆ.

ಮೈಕು ಕಂಡ ಕೂಡಲೇ ನಮಗೆ ಇನ್ನೊಂದು ಕಾಯಿಲೆ ಬರುತ್ತದೆ. ನಮ್ಮ ಮಾತು ಬಿಟ್ಟು ಪುಸ್ತಕದ ಮಾತು ಹಿಡಿಯುತ್ತೇವೆ. 2023ರಲ್ಲಿ ಕೊಬ್ಬರಿ ಬೆಲೆ ಬಿದ್ದಾಗ ಅರಸೀಕೆರೆ, ತಿಪಟೂರು ಕಡೆ ರೈತರು ಎಷ್ಟು ಕಷ್ಟಪಟ್ಟರು ಎಂಬುದು ನಿಮಗೇ ಗೊತ್ತು. ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಆ ವರ್ಷ ಕ್ವಿಂಟಲಿಗೆ 11,750 ರೂಪಾಯಿ. ಮಾರುಕಟ್ಟೆ ಅದಕ್ಕಿಂತ ಬಹಳ ಕೆಳಗೆ ಇಳಿದಿತ್ತು. ಅರಸೀಕೆರೆಯಲ್ಲಿ ಒಬ್ಬ ಯುವ ರೈತನನ್ನು ಟಿವಿಯವರು ಕೇಳಿದರು. ಅವನು ಎದೆ ಸೆಟೆಸಿ, "ರೈತ ಈ ದೇಶದ ಬೆನ್ನೆಲುಬು, ಅನ್ನದಾತನ ಕಡೆಗಣನೆ ಖಂಡನೀಯ" ಎಂದು ಶುರು ಮಾಡಿದ. ಮೂರು ನಿಮಿಷ ಮಾತಾಡಿದ. ರಾತ್ರಿ ಟಿವಿಯಲ್ಲಿ ಒಂದು ಸೆಕೆಂಡೂ ಬರಲಿಲ್ಲ. ಬೆನ್ನೆಲುಬಿನ ಮಾತನ್ನು ಅವನಿಗೆ ಕಲಿಸಿದ್ದು ನಮ್ಮ ಪ್ರಬಂಧದ ಪಿರಿಯಡ್ಡೇ, ಕನ್ನಡ ಮೇಷ್ಟ್ರು ಕ್ಷಮಿಸಬೇಕು.

ಅವನ ಪಕ್ಕದಲ್ಲಿ ಒಬ್ಬ ಮುದುಕರು ನಿಂತಿದ್ದರು. ಅವರ ಕಡೆ ಮೈಕು ತಿರುಗಿದಾಗ ಹೇಳಿದ್ದು ಇಷ್ಟು: "ಕಾಯಿ ಅಟ್ಟಕ್ಕಾಕಿ ಹನ್ನೊಂದು ತಿಂಗಳಾಯ್ತು ಕಣಪ್ಪ. ಇದನ್ನ ನಂಬ್ಕಂಡು ಮಗಳ ಮದುವೆ ಮಾಡ್ದೆ. ಸಾಲ ಕೊಟ್ಟೋನು ಬಾಗಲಿಗೆ ಬಂದವ್ನೆ, ಕೊಬ್ಬರಿ ಇನ್ನೂ ಅಟ್ಟದಾಗೇ ಅದೆ." ಅದು ಪೂರ್ತಿ ಬಂತು. ಎರಡು ದಿನ ಬಂತು. ಬೆಂಗಳೂರಿನಲ್ಲಿ ಕೂತು ನೋಡಿದವರಿಗೆ ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ವರ್ಷದ ಹತ್ತಿರ ಅಟ್ಟದಲ್ಲಿ ಒಣಗಬೇಕು, ಅಲ್ಲಿಯವರೆಗೆ ರೈತ ಕೈಕಟ್ಟಿ ಕೂರಬೇಕು ಎಂಬುದು ಆ ಮೂರು ಮಾತಿನಲ್ಲಿ ಗೊತ್ತಾಯಿತು. ಆ ಮುದುಕರು ಟಿವಿಗೋಸ್ಕರ ಏನೂ ಮಾಡಲಿಲ್ಲ. ಮನೆಯ ಜಗಲಿಯ ಮೇಲೆ ಕೂತು ನೆಂಟರಿಗೆ ಹೇಳುವ ಹಾಗೆ ಹೇಳಿದರು.

ಭಾಷೆಯ ಬಗ್ಗೆ ನಾಚಿಕೆ ಪಡುವವರಿಗೆ ಇದನ್ನೇ ಹೇಳುತ್ತೇನೆ. 'ಅದೆ', 'ಬುಡಿ', 'ಕಣಪ್ಪ' ಎಂಬ ಮಾತಿನಲ್ಲಿ ಯಾವ ಕೊರತೆಯೂ ಇಲ್ಲ. ಒಮ್ಮೆ ಹಾಸನದ ಆಕಾಶವಾಣಿಗೆ ನಮ್ಮ ಕಡೆಯ ಒಬ್ಬ ರೈತರನ್ನು ಕರೆದುಕೊಂಡು ಹೋಗಿದ್ದೆ. ಅವರು ರಾತ್ರಿಯೆಲ್ಲ ಕೂತು ನಾಲ್ಕು ಪುಟ ಬರೆಸಿಕೊಂಡು ಬಂದಿದ್ದರು. ಓದಲು ಶುರು ಮಾಡಿದರೆ ದನಿ ಒಣಗಿದ ಸೌದೆಯ ಹಾಗೆ. ಅಲ್ಲಿದ್ದ ನಿರೂಪಕರು ಮೆಲ್ಲಗೆ ಹಾಳೆ ಈಚೆಗೆ ತೆಗೆದುಕೊಂಡು, "ಬೆಳಗ್ಗೆ ಏನು ತಿಂದ್ರಿ ಗೌಡ್ರೇ?" ಎಂದು ಕೇಳಿದರು. ರೊಟ್ಟಿ, ಹುಚ್ಚೆಳ್ಳು ಚಟ್ನಿ ಎಂದರು ಗೌಡರು. ಹುಚ್ಚೆಳ್ಳು ಯಾರ ಹೊಲದ್ದು? ಅಲ್ಲಿಂದ ಮಾತು ಹೊರಟಿತು ನೋಡಿ, ನಿಲ್ಲಿಸುವುದೇ ಕಷ್ಟವಾಯಿತು. ಬರೆದುಕೊಳ್ಳಬೇಕಾದದ್ದು ಒಂದೇ: ಲೆಕ್ಕ. ಎಷ್ಟು ಎಕರೆ, ಎಷ್ಟು ಕ್ವಿಂಟಲು, ಎಷ್ಟು ರೂಪಾಯಿ, ಯಾವ ತಾರೀಖು. ಅದನ್ನು ಮಾತ್ರ ಚೀಟಿಯಲ್ಲಿ ಇಟ್ಟುಕೊಂಡು, ನೋಡಿಯೇ ಹೇಳಿ. ಒಂದು ಲೆಕ್ಕ ತಪ್ಪಿದರೆ ಉಳಿದ ಸತ್ಯವನ್ನೂ ಜನ ನಂಬುವುದಿಲ್ಲ.

ಇನ್ನು ಮಾತಿಗೆ ಕತ್ತರಿ ಬೀಳುವ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇದು ನಮ್ಮ ಕನ್ನಡದಲ್ಲಿ ಇರುವ ಒಂದು ತೊಂದರೆ. ನೀವು ಹತ್ತು ನಿಮಿಷ ಮಾತಾಡುತ್ತೀರಿ, ಟಿವಿಯಲ್ಲಿ ಬರುವುದು ಹತ್ತು ಸೆಕೆಂಡು. ಅವರು ಅದನ್ನು ಬೈಟ್ ಎನ್ನುತ್ತಾರೆ. ಎಲ್ಲಿ ಕತ್ತರಿಸಬೇಕು ಎಂಬುದು ಅವರ ಕೈಯಲ್ಲಿದೆ. ಎಲ್ಲಿ ಕತ್ತರಿಸಿದರೂ ಅರ್ಥ ಕೆಡದ ಹಾಗೆ ಮಾತಾಡುವುದು ನಮ್ಮ ಕೈಯಲ್ಲಿದೆ.

ಎಂಟನೇ ಕ್ಲಾಸಿನ ವ್ಯಾಕರಣ ನೆನಪು ಮಾಡಿಕೊಳ್ಳಿ. ಕರ್ತೃ, ಕರ್ಮ, ಕ್ರಿಯಾಪದ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. 'ಇಲ್ಲ', 'ಅಲ್ಲ', 'ಬೇಡ' ಎಂಬುವು ಅದಕ್ಕಿಂತಲೂ ಕೊನೆಗೆ ಬರುತ್ತವೆ. ಎತ್ತಿನಹೊಳೆ ಯೋಜನೆಯ ಕಾಲುವೆ ನಮ್ಮ ಬೇಲೂರು, ಅರಸೀಕೆರೆ ತಾಲ್ಲೂಕುಗಳ ಮೇಲೆ ಹಾದು ಹೋಗುತ್ತದಲ್ಲ, ಅದರ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಸಕಲೇಶಪುರ ತಾಲ್ಲೂಕಿನ ಹೆಬ್ಬನಹಳ್ಳಿಯಲ್ಲಿ ಚಾಲನೆ ಕೊಟ್ಟರು. ಜಮೀನು ಕೊಟ್ಟ ಒಬ್ಬ ರೈತ ಹೀಗೆ ಹೇಳುತ್ತಾನೆ ಎಂದುಕೊಳ್ಳಿ: "ನಾವು ಕಾಲುವೆಗೆ ಅಡ್ಡ ನಿಲ್ತೀವಿ ಅಂತ ಅಲ್ಲ ಸಾರ್, ಪರಿಹಾರ ಕೊಡಿ ಅಂತ." 'ನಿಲ್ತೀವಿ' ಎಂಬಲ್ಲಿ ಕತ್ತರಿ ಬಿದ್ದರೆ ಏನಾಯಿತು? ಅವನು ಅಂದುಕೊಂಡದ್ದಕ್ಕೆ ಪೂರಾ ಉಲ್ಟಾ. ಕತ್ತರಿಸಿದವನು ಕೆಟ್ಟವನೇ ಆಗಿರಬೇಕಾಗಿಲ್ಲ, ಅವಸರದಲ್ಲಿದ್ದರೂ ಸಾಕು. 'ರೆ' ಎಂಬ ಪ್ರತ್ಯಯದ ಕಥೆಯೂ ಹೀಗೆಯೇ. "ಪರಿಹಾರ ಕೊಟ್ಟರೆ ಜಮೀನು ಬಿಡ್ತೀವಿ" ಎಂದರೆ, ಮೊದಲರ್ಧ ಹೋಗಿ "ಜಮೀನು ಬಿಡ್ತೀವಿ" ಎಂಬುದಷ್ಟೇ ಉಳಿಯಬಹುದು.

ಹಾಗಾಗಿ ತುಂಡು ಮಾಡಿ ಹೇಳಿ. "ಕಾಲುವೆ ಬೇಕು. ಪರಿಹಾರವೂ ಬೇಕು. ಪರಿಹಾರ ಮೊದಲು ಬರಬೇಕು." ಇದನ್ನು ಎಲ್ಲಿ ಕತ್ತರಿಸುತ್ತೀರಿ? ಪ್ರತಿ ಮಾತೂ ಒಂಟಿಯಾಗಿ ನಿಂತರೂ ನಿಮ್ಮದೇ. 'ಅದು', 'ಇದು', 'ಆಗಲೇ ಹೇಳಿದೆನಲ್ಲ' ಎಂಬುದನ್ನು ಬಿಟ್ಟು ಹೆಸರು ಹಿಡಿದೇ ಹೇಳಿ. ವರದಿಗಾರ ಒಂದು ಕೆಟ್ಟ ಮಾತನ್ನು ನಿಮ್ಮ ಬಾಯಿಗೆ ಹಾಕಲು ನೋಡಿದರೆ ಅದನ್ನು ವಾಪಸು ಆಡಬೇಡಿ. "ನಿಮ್ಮೂರಲ್ಲಿ ಜಾತಿ ಜಗಳವಂತೆ?" ಎಂದರೆ, "ಜಾತಿ ಜಗಳ ಇಲ್ಲ" ಎನ್ನುವ ಬದಲು, ಇದ್ದ ವಿಷಯ ನೇರ ಹೇಳಿ: "ಕೆರೆಯ ತೂಬಿನ ನೀರಿನ ಸರದಿಯ ಬಗ್ಗೆ ಮಾತು ಬಂತು, ನಾಳೆ ಪಂಚಾಯ್ತಿಯಲ್ಲಿ ಕೂರ್ತೀವಿ."

ಈಗ ಕಷ್ಟದ ಭಾಗ. ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಬೇರೆ ಮಾಡಿ ಹೇಳುವುದು.

ಇದಕ್ಕೆ ಬೇಲೂರಿನ ಗುಡಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಹೊರಗಿನಿಂದ ಬಂದ ಟಿವಿಯವರಿಗೆ ಜಕಣಾಚಾರಿಯ ಕಥೆ ಬೇಕು. ಮಗ ಡಂಕಣ ತಪ್ಪು ಹಿಡಿದದ್ದು, ವಿಗ್ರಹದಲ್ಲಿ ಕಪ್ಪೆ ಹೊರಬಂದದ್ದು, ಕಪ್ಪೆ ಚೆನ್ನಿಗರಾಯ. ಚಂದದ ಕಥೆ, ನಾನು ನನ್ನ ಮೊಮ್ಮಗಳಿಗೆ ಹೇಳಿದ್ದೇನೆ. ಆದರೆ ಗುಡಿಯ ಕಲ್ಲಿನ ಮೇಲೆ ಶಿಲ್ಪಿಗಳೇ ಕೊರೆದ ಹೆಸರುಗಳಿವೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಗುಡಿಯಲ್ಲಿ ಕೆಲಸ ಮಾಡಿದವರು ತಮ್ಮ ಹೆಸರನ್ನು ಬರೆದಿಟ್ಟು ಹೋದರು, ನಾವು ಒಂಬೈನೂರು ವರ್ಷ ಆದ ಮೇಲೆ ಕ್ಯಾಮೆರಾ ಮುಂದೆ ನಿಂತು ಬೇರೆ ಹೆಸರು ಹೇಳುತ್ತೇವೆ. ನನಗೆ ಗೊತ್ತಿರುವ ಒಬ್ಬ ಹಿರಿಯ ಗೈಡ್ ಇದನ್ನು ಬಹಳ ಸೊಗಸಾಗಿ ನಿಭಾಯಿಸುತ್ತಿದ್ದರು. "ನಮ್ಮಜ್ಜಿ ಹೇಳಿದ್ದು ಜಕಣಾಚಾರಿ ಅಂತ. ಕಲ್ಲು ಹೇಳ್ತಿರೋದು ದಾಸೋಜ ಅಂತ. ಎರಡೂ ಹೇಳ್ತೀನಿ, ಕೇಳಿ" ಎಂದು ಶುರು ಮಾಡುತ್ತಿದ್ದರು. ಕಥೆಗೆ ಕಥೆಯ ಮರ್ಯಾದೆ, ಶಾಸನಕ್ಕೆ ಶಾಸನದ ಮರ್ಯಾದೆ. ಇಲ್ಲಿ ಕೂತಿರುವ ಮಕ್ಕಳಲ್ಲಿ ಕೆಲವರು ಮುಂದೆ ಗೈಡುಗಳಾಗಬಹುದು, ಈ ಮಾತು ಅವರಿಗೆ.

ಗುಡಿಯ ವಿಷಯದಲ್ಲಿ ತಪ್ಪು ಹೇಳಿದರೆ ದಾಸೋಜ ಎದ್ದು ಬಂದು ಜಗಳ ಮಾಡುವುದಿಲ್ಲ. ಬದುಕಿರುವವರ ವಿಷಯದಲ್ಲಿ ಹಾಗಲ್ಲ. ಆಗಲೇ ಹೇಳುತ್ತೇನೆ ಎಂದ ಅನಾಹುತ ಇದು.

ಬೇಲೂರು ತಾಲ್ಲೂಕಿನ ಬಿಕ್ಕೋಡು, ಅರೇಹಳ್ಳಿ ಕಡೆಗೆ ಆನೆ ಬರುವುದು ಇವತ್ತಿನ ವಿಷಯವಲ್ಲ. ಸುಮಾರು ಇಪ್ಪತ್ತು ವರ್ಷದ ಹಿಂದೆ ತಾಲ್ಲೂಕಿನ ಮಲೆನಾಡು ಕಡೆಯ ಒಂದು ಕಾಫಿ ತೋಟದಲ್ಲಿ ಬೆಳಗಿನ ಜಾವ ಆನೆ ಒಬ್ಬ ಕೂಲಿ ಕಾರ್ಮಿಕನನ್ನು ತುಳಿಯಿತು. ನಾನು ಹೋದಾಗ ಹೆಣ ಇನ್ನೂ ಅಲ್ಲೇ ಇತ್ತು. ಸತ್ತವನ ಮಗ, ಹೈಸ್ಕೂಲು ಓದುತ್ತಿದ್ದ ಹುಡುಗ, ಅಳುತ್ತಿರಲಿಲ್ಲ. ನನಗೆ ಸುದ್ದಿ ಫ್ಯಾಕ್ಸ್ ಮಾಡಲು ಸಂಜೆಯೊಳಗೆ ಬೇಲೂರು ಮುಟ್ಟಬೇಕಿತ್ತು. ಪುಸ್ತಕ ತೆಗೆದು ಕೇಳಿದೆ. ಅವನು ಹಲ್ಲು ಕಚ್ಚಿ, "ವಾಚರ್ ನಿನ್ನೆನೇ ಆನೆ ನೋಡಿದ್ದ. ನಮಗೆ ಹೇಳ್ಲೇ ಇಲ್ಲ. ಅವನೇ ಕೊಂದಿದ್ದು" ಎಂದ. ನಾನು ಬರೆದುಕೊಂಡೆ. ಮಾರನೆಯ ದಿನ ಅದೇ ತಲೆಬರಹವಾಯಿತು. ಬಹಳ ಜನ ಫೋನು ಮಾಡಿ ಹೊಗಳಿದರು.

ಆ ವಾಚರ್ ದಿನಗೂಲಿಯವನು. ಪಕ್ಕದ ಹಳ್ಳಿಯವನೇ. ಜನ ಅವನ ಮನೆಯ ಮುಂದೆ ಸೇರಿ ಕೂಗಾಡಿದರು. ಕೆಲಸ ಹೋಯಿತು. ಎಷ್ಟೋ ದಿನ ಆದ ಮೇಲೆ ನನಗೆ ಗೊತ್ತಾದದ್ದು: ಅವನು ಹಿಂದಿನ ಸಂಜೆ ಲೈನ್ ಮನೆಗಳ ಹತ್ತಿರ ಬಂದು, ಬಾಗಿಲು ಬಡಿದು, ಬೆಳಗ್ಗೆ ಬೇಗ ಯಾರೂ ಹೊರಗೆ ಬರಬೇಡಿ ಎಂದು ಹೇಳಿ ಹೋಗಿದ್ದ. ಹುಡುಗ ಆ ಸಂಜೆ ಮನೆಯಲ್ಲಿ ಇರಲಿಲ್ಲ, ಅಜ್ಜಿಯ ಊರಿಗೆ ಹೋಗಿದ್ದ. ಬೆಳಗ್ಗೆ ಯಾರೋ ಹೇಳಿದ ಮಾತನ್ನು ದುಃಖದಲ್ಲಿ, ಸಿಟ್ಟಿನಲ್ಲಿ ನನಗೆ ಹೇಳಿದ. ಅಪ್ಪನ ಹೆಣದ ಪಕ್ಕ ನಿಂತ ಹುಡುಗನ ಮೇಲೆ ನಾನು ಯಾವ ತಪ್ಪನ್ನೂ ಹೊರಿಸುವುದಿಲ್ಲ. "ನೀನು ನಿನ್ನೆ ಸಂಜೆ ಮನೆಯಲ್ಲಿ ಇದ್ದೆಯಾ ಮಗಾ?" ಎಂದು ಒಂದೇ ಒಂದು ಪ್ರಶ್ನೆ ನಾನು ಕೇಳಬಹುದಿತ್ತು. ಕೇಳಲಿಲ್ಲ. ಲೈನ್ ಮನೆಗಳಿಗೆ ಹೋಗಿ ವಿಚಾರಿಸಬಹುದಿತ್ತು. ಹೋಗಲಿಲ್ಲ.

ತಿದ್ದುಪಡಿ ಬಂತು, ಒಳಪುಟದಲ್ಲಿ, ಎರಡು ಸಾಲು. ನಾನು ಧೈರ್ಯ ಮಾಡಿ ಆ ವಾಚರ್ ಮನೆಗೆ ಹೋಗುವುದಕ್ಕೆ ಎರಡು ವರ್ಷ ಬೇಕಾಯಿತು. ಕ್ಷಮಿಸಪ್ಪ ಎಂದೆ. ಅವನು ಒಳಗೆ ಕೂರಿಸಿ ಕಾಫಿ ಕೊಡಿಸಿದ. "ಬುಡಿ ಸಾ. ನಂಗೇನು ಓದಕ್ಕೆ ಬರಲ್ಲ" ಎಂದ. ಸ್ವಲ್ಪ ಹೊತ್ತು ಬಿಟ್ಟು, "ಮಗಳು ಎಂಟನೇ ಕ್ಲಾಸು. ಅವಳು ಓದಿ ಹೇಳಿದ್ಲು" ಎಂದ.

ಆ ಕಾಫಿಯ ಲೋಟ ಹಿಡಿದು ಕೂತದ್ದು ನನಗೆ ಇವತ್ತಿಗೂ ಮರೆತಿಲ್ಲ. ಅಲ್ಲಿಂದ ಈಚೆಗೆ ಯಾರನ್ನು ಮಾತಾಡಿಸಿದರೂ ಮೊದಲು ಕೇಳುವುದು: ನೀವೇ ನೋಡಿದಿರಾ, ಯಾರಾದರೂ ಹೇಳಿದರಾ? ಎಲ್ಲ ವರದಿಗಾರರೂ ಇದನ್ನು ಕೇಳುವುದಿಲ್ಲ. ಅವರು ಕೇಳದಿದ್ದರೂ ನೀವು ಹೇಳಬಹುದು. "ನಾನು ನೋಡಿದ್ದು ಇಷ್ಟು. ಉಳಿದದ್ದು ನನಗೆ ಗೊತ್ತಿಲ್ಲ." ಗೊತ್ತಿಲ್ಲ ಎನ್ನುವುದು ಸೋತ ಉತ್ತರ ಎಂದು ನಮ್ಮ ಮಕ್ಕಳಿಗೆ ಶಾಲೆಯಲ್ಲೇ ಅಭ್ಯಾಸ ಆಗಿಬಿಟ್ಟಿದೆ, ಸೊನ್ನೆ ಬೀಳುತ್ತದೆ ಎಂಬ ಭಯ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಕಡೆ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಅರ್ಜುನ ಸತ್ತಾಗ ನೋಡಿದಿರಲ್ಲ. ಎಂಟು ಸಲ ಮೈಸೂರು ದಸರಾದ ಅಂಬಾರಿ ಹೊತ್ತ ಆನೆ. ಕಾಡಿನ ಒಳಗೆ ಇದ್ದವರು ಕೆಲವೇ ಮಂದಿ. ಸಂಜೆಯ ಹೊತ್ತಿಗೆ ಕಣ್ಣಾರೆ ಕಂಡ ಹಾಗೆ ಫೋನಿನಲ್ಲಿ ಮಾತಾಡುತ್ತಿದ್ದವರು ಎಷ್ಟೋ. ದುಃಖ ಎಲ್ಲರದೂ ನಿಜ. ಆದರೆ ಅಷ್ಟು ಮಾತುಗಳ ನಡುವೆ ನಿಜವಾಗಿ ಕಂಡವರ ಮಾತನ್ನು ಹುಡುಕುವುದೇ ಕಷ್ಟವಾಯಿತು.

ಇನ್ನು ಕೆಲವು ಸಣ್ಣ ವಿಷಯ, ಬೇಗ ಹೇಳಿ ಮುಗಿಸುತ್ತೇನೆ. ಮೈಕು ಹಿಡಿದವರನ್ನು ನೀವೂ ಪ್ರಶ್ನೆ ಕೇಳಬಹುದು. ಯಾವ ಪತ್ರಿಕೆ, ಯಾವ ಚಾನೆಲ್ಲು, ಯಾವ ವಿಷಯಕ್ಕೆ, ನೇರ ಪ್ರಸಾರವೋ, ಆಮೇಲೆ ಹಾಕುತ್ತೀರೋ? ಈಗ ಫೋನು ಇದ್ದವರೆಲ್ಲ ಚಾನೆಲ್ಲು ಇಟ್ಟಿರುವ ಕಾಲ, ಕೇಳುವುದರಲ್ಲಿ ಸಂಕೋಚ ಬೇಡ. "ಐದು ನಿಮಿಷ ಕೊಡಿ, ಯೋಚಿಸಿ ಹೇಳ್ತೀನಿ" ಎನ್ನಬಹುದು. ಬೇಡ ಎನ್ನುವ ಹಕ್ಕೂ ಇದೆ, ಅದರಲ್ಲೂ ಸಾವಿನ ಮನೆಯಲ್ಲಿ. "ಇದನ್ನ ಬರೀಬೇಡಿ" ಎನ್ನುವುದಿದ್ದರೆ ಮಾತಿಗೆ ಮೊದಲು ಹೇಳಿ ಒಪ್ಪಿಸಿಕೊಳ್ಳಿ. ಹೇಳಿ ಆದ ಮೇಲೆ ಬೇಡ ಎಂದರೆ ನಮ್ಮವರು ಕೇಳುವುದಿಲ್ಲ, ನಾನೂ ಎಷ್ಟೋ ಸಲ ಕೇಳಿಲ್ಲ. ತಪ್ಪು ಬಂದರೆ ಸುಮ್ಮನಿರಬೇಡಿ. ಮೊದಲು ಸಂಪಾದಕರಿಗೆ ಬರೆಯಿರಿ, ತಾರೀಖು, ಪುಟ, ಬಂದದ್ದೇನು, ಹೇಳಿದ್ದೇನು ಎಂದು. ಪತ್ರಿಕೆಗಳ ಮೇಲಿನ ದೂರಿಗೆ ಭಾರತೀಯ ಪತ್ರಿಕಾ ಮಂಡಳಿ ಇದೆ. ಟಿವಿಯ ವಿಷಯಕ್ಕೆ ಮೊದಲು ಆ ಚಾನೆಲ್ಲಿಗೇ ದೂರು ಕೊಡಬೇಕು, 2021ರಿಂದ ಅದಕ್ಕೆ ಮೂರು ಹಂತದ ನಿಯಮ ಬಂದಿದೆ.

ಶಿಕ್ಷಕರಿಗೆ ಒಂದು ಮಾತು ಪ್ರತ್ಯೇಕವಾಗಿ. ಮಗುವಿನ ಮೇಲೆ ದೌರ್ಜನ್ಯ ನಡೆದ ಸಂದರ್ಭದಲ್ಲಿ ಆ ಮಗುವಿನ ಹೆಸರು, ಮುಖ, ಮನೆ, ಶಾಲೆ ಯಾವುದನ್ನೂ ಮಾಧ್ಯಮದಲ್ಲಿ ಹೊರಗೆ ಹಾಕುವಂತಿಲ್ಲ. ಪೋಕ್ಸೋ ಕಾಯ್ದೆಯ 23ನೆಯ ಕಲಮು ಇದನ್ನು ಹೇಳುತ್ತದೆ. ಶಾಲೆಯ ಹೆಸರು ಹೇಳಿದರೂ ನಮ್ಮಂಥ ಸಣ್ಣ ಊರಿನಲ್ಲಿ ಮಗು ಯಾವುದೆಂದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಅಂಥ ದಿನ ಗೇಟಿನ ಹತ್ತಿರ ಯಾರು ಬಂದರೂ ಸಹಪಾಠಿಗಳ ಮುಂದೆ ಮೈಕು ಹಿಡಿಯಲು ಬಿಡಬೇಡಿ.

ಇದೆಲ್ಲ ಕಲಿಯುವುದು ಹೇಗೆ? ನಮ್ಮ ಹಾಸನದ ಬಾನು ಮುಷ್ತಾಕ್ ಅವರಿಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು. ಕನ್ನಡದಲ್ಲಿ ಬರೆದ ಕಥೆಗಳು, ದೀಪಾ ಭಾಸ್ತಿ ಅವರ ಅನುವಾದ. ಆಮೇಲೆ ಊರೂರಿನ, ದೇಶದೇಶದ ವರದಿಗಾರರು ಅವರನ್ನು ಮಾತಾಡಿಸಿದರು. ಅವರು ವಕೀಲರು, ಅದಕ್ಕೂ ಮುಂಚೆ ಲಂಕೇಶ್ ಪತ್ರಿಕೆಗೆ ವರದಿ ಮಾಡಿದವರು. ಬೇರೆಯವರನ್ನು ಪ್ರಶ್ನೆ ಕೇಳಿ ಕೇಳಿ ಅಭ್ಯಾಸ ಇದ್ದವರಿಗೆ ಉತ್ತರ ಹೇಳುವುದರ ಹದ ಗೊತ್ತಿರುತ್ತದೆ ಎಂದು ನನ್ನ ನಂಬಿಕೆ. ಆದ್ದರಿಂದ ಮುಖ್ಯ ಶಿಕ್ಷಕರಲ್ಲಿ ಒಂದು ಕೋರಿಕೆ. ಶನಿವಾರ ಬೆಳಗಿನ ಶಾಲೆಯಲ್ಲಿ ಹತ್ತು ನಿಮಿಷ ಕೊಡಿ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಅಜ್ಜಿಯನ್ನೋ, ಬಸ್ ಕಂಡಕ್ಟರನ್ನೋ, ಕೊಬ್ಬರಿ ಸುಲಿಯುವವರನ್ನೋ ಮಾತಾಡಿಸಿ ಬರಲಿ, ಬಂದು ಇಲ್ಲಿ ಹೇಳಲಿ. ಉಳಿದವರು ಒಂದೇ ಪ್ರಶ್ನೆ ಕೇಳಲಿ: ಇದು ಅವರು ಕಂಡದ್ದೋ, ಕೇಳಿದ್ದೋ? ಆಮೇಲೆ ಅದಲು ಬದಲು ಮಾಡಿ, ಕೇಳಿದವಳು ಉತ್ತರ ಹೇಳಲಿ. ಫೋನಿನಲ್ಲಿ ಅದನ್ನು ಮುದ್ರಿಸಿ ಹತ್ತು ಸೆಕೆಂಡಿಗೆ ಕತ್ತರಿಸಿ ತೋರಿಸಿ. ತಮ್ಮ ಮಾತು ಹೇಗೆ ಬದಲಾಗುತ್ತದೆ ಎಂಬುದನ್ನು ಮಕ್ಕಳು ಆಗಲೇ ಕಾಣುತ್ತಾರೆ. ಇದಕ್ಕೆ ಬೇಕಾದ ಮೈಕು, ಸ್ಪೀಕರು ಕೊಡಿಸುವುದನ್ನು ನಮ್ಮ ಬ್ಯಾಚಿನವರು ಒಪ್ಪಿಕೊಂಡಿದ್ದಾರೆ. ಈಗಷ್ಟೇ ಹಿಂದಿನ ಸಾಲಿನಲ್ಲಿ ಕೂತು ಒಪ್ಪಿಕೊಂಡರು, ನಾನೇ ಕಂಡದ್ದು.

ಗೇಟಿನ ಹತ್ತಿರ ಇಬ್ಬರು ವರದಿಗಾರರು ನಿಂತಿದ್ದಾರೆ, ಇಲ್ಲಿಂದಲೇ ಕಾಣುತ್ತಿದ್ದಾರೆ. ಊಟಕ್ಕೆ ಹೋಗುವಾಗ ನಿಮ್ಮಲ್ಲಿ ಯಾರನ್ನಾದರೂ ನಿಲ್ಲಿಸಿ, "ಶಾಲೆಗೆ ಐವತ್ತು ವರ್ಷ ಆಯ್ತು, ಹೇಗನ್ನ್ಸುತ್ತೆ ಪುಟ್ಟಾ?" ಎಂದು ಕೇಳುತ್ತಾರೆ. ಸಂತೋಷ ಆಗಿದ್ದರೆ ಸಂತೋಷ ಅನ್ನಿ. ಆಮೇಲೆ, ನೀವು ದಿನಾ ಶಾಲೆಗೆ ನಡೆದು ಬರುವ ದಾರಿ ಎಷ್ಟು ದೂರ, ಸಂಜೆ ಬಸ್ಸು ಎಷ್ಟು ಗಂಟೆಗೆ ಬರುತ್ತದೆ, ಯಾವ ದಿನ ಬರುವುದಿಲ್ಲ, ಅದನ್ನೂ ಹೇಳಿ. ಅವರು ಕೇಳದಿದ್ದರೂ ಹೇಳಿ.